ಸುಬ್ರಾಯ ಹಿಡಿದ ಇಸೋಣ

ಬೆಳಿಗ್ಗೆ ಗಿಡಕ್ಕೆ ನೀರು ಹಾಕುವಾಗ ನಿಂಬೆ ಎಲೆಯೊಂದು ಬೆರಳಿಗೆ ಸಿಕ್ಕಿ ಜಜ್ಜಿಹೋಯಿತು. ಆ ಪರಿಮಳಕ್ಕೆ ಸುಬ್ರಾಯ ನೆನಪಾದ.

ಕಡಲ ದಡದ ನಮ್ಮೂರು ಬಾಡದ ಶಾಲೆಯಲ್ಲಿ ನಾನು, ಗಣಪು, ಭಟ್ಟರ ಮನೆಯ ಸುಬ್ರಾಯ ಒಂದೇ ಬೆಂಚಿನವರು. ಒಂದು ಭಾನುವಾರ ಅಪ್ಪ ನಮ್ಮನ್ನು ಹಾಯಿದೋಣಿಯಲ್ಲಿ ದಡದ ತೆಂಗು ಕಾಣದಷ್ಟು ದೂರ ಕರೆದೊಯ್ದ. ಗಣಪು ವಾಂತಿ ಮಾಡುತ್ತಲೇ ಇದ್ದ. ನನ್ನ ಗಾಳಕ್ಕೆ ಏನೂ ಬೀಳಲಿಲ್ಲ. ಮೀನು ಮುಟ್ಟಿಯೇ ಇರದ ಸುಬ್ರಾಯನ ಗಾಳಕ್ಕೆ ಅವನ ತೋಳುದ್ದದ ಇಸೋಣ ಬಿತ್ತು.

ಯಾರ ಗಾಳಕ್ಕೆ ಬಿತ್ತೋ ಮೀನು ಅವರದು ಎಂಬುದು ನಮ್ಮ ದೋಣಿಯ ಪದ್ಧತಿ. ದಡಕ್ಕೆ ಬಂದ ಮೇಲೆ ಅಪ್ಪ ಅದರ ಕಿವಿರಿಗೆ ಬಳ್ಳಿ ಪೋಣಿಸಿ, "ತಕಾ, ಮನೀಗೆ ತಕಂಡು ಹೋಗು. ಸಾರು ಮಾಡೂಕೆ ಹೇಳು" ಎಂದ. ಹುಡುಗ ಯಾರ ಮನೆಯವನು ಎಂಬುದೇ ಅಪ್ಪನಿಗೆ ಮರೆತಿತ್ತು. ಸುಬ್ರಾಯ ನೆನಪಿಸಲಿಲ್ಲ. ಮೀನನ್ನು ಎರಡೂ ಕೈಯಲ್ಲಿ ಹಿಡಿದು ನಮ್ಮ ಅಂಗಳದವರೆಗೂ ನಡೆದು, ಅಲ್ಲಿ ನನ್ನ ಅವ್ವನಿಗೆ ಕೊಟ್ಟ. ಆಮೇಲೆ ನಿಂಬೆ ಎಲೆಯಲ್ಲಿ ಕೈ ತಿಕ್ಕಿದ್ದೇ ತಿಕ್ಕಿದ್ದು. ಆದರೂ ಅವನ ಆಯಿಗೆ ವಾಸನೆ ಸಿಕ್ಕಿತು. "ಇನ್ನು ಆ ಬದಿಗೆ ಹೋಪದು ಬ್ಯಾಡ" ಎಂದರಂತೆ. ಅವನು ಮತ್ತೆ ದೋಣಿ ಹತ್ತಲಿಲ್ಲ.

ಇವತ್ತು ಅವನಿಗೆ ಫೋನ್ ಮಾಡಿದೆ. ಶುಗರ್, ಮೊಣಕಾಲಿನ ಮಾತೆಲ್ಲ ಮುಗಿದ ಮೇಲೆ ದನಿ ತಗ್ಗಿಸಿ ಕೇಳಿದ: "ನಾ ಹಿಡ್ದ ಮೀನಿನ ರುಚಿ ಹ್ಯಾಂಗಿತ್ತು ಮಾರಾಯ? ನೀ ಹೇಳ್ಲೇ ಇಲ್ಲ."

"ಚೊಲೋ ಇತ್ತು" ಎಂದೆ.

ಆಮೇಲೆ ಎಷ್ಟು ಇಸೋಣ ತಿಂದಿದ್ದೇನೋ. ಅವನು ಹಿಡಿದದ್ದರ ರುಚಿ ಮಾತ್ರ ನನಗೆ ನೆನಪಿಲ್ಲ.