ಎದೆಗೆ ಕೊಟ್ಟ ಔಷಧ

ಪುಟ್ಟೀ, ಅಪ್ಪೂ, ಕಣ್ಣಿಗೆ ಕಾಣದಷ್ಟು ಸಣ್ಣ ಚೀಲಗಳಲ್ಲಿ ಔಷಧ ತುಂಬಿ ಮೈಯೊಳಗೆ ಬಿಡುತ್ತಾರೆ, ಅವು ರೋಗ ಹಿಡಿದ ಜೀವಕೋಶವನ್ನೇ ಹುಡುಕಿ ಒಳಹೊಕ್ಕು, ಔಷಧ ಇಳಿಸಿ, ತಾವು ಕರಗಿಹೋಗುತ್ತವೆ ಎಂದು ಮೊನ್ನೆ ಓದಿ ಹೇಳಿದಿರಿ. ನಾನು “ಹೌದಾ” ಎಂದು ಅಡಿಗೆಮನೆಗೆ ಎದ್ದುಹೋದೆ. ಸಿಟ್ಟು ಬಂದಿತ್ತು, ನಿಮ್ಮ ಮೇಲಲ್ಲ. ಎದುರು ಕೂತು ಹೇಳಲು ನನಗಾಗುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಎಂಬತ್ತರ ದಶಕದ ಮಾತು. ಆಗ ನಾವು ಹೊನ್ನಾವರದ ಹತ್ತಿರ ಕಡಲ ದಂಡೆಯಲ್ಲಿದ್ದೆವು. ನಿಮ್ಮ ಅಜ್ಜ ದೋಣಿಯಲ್ಲಿ ನಿಂತು ಬಲೆ ಬೀಸುವವರು. ಅವರಿಗೆ ಕ್ಷಯ ಹಿಡಿಯಿತು. ಕುಮಟೆಯ ಡಾಕ್ಟರು ಮಾತ್ರೆಗಳ ಜೊತೆ ಕೆಂಪು ಕ್ಯಾಪ್ಸೂಲು ಕೊಟ್ಟು, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ತೆಗೆದುಕೊಳ್ಳಿ, ಒಂದು ದಿನವೂ ಬಿಡಬೇಡಿ ಎಂದರು. ಕ್ಯಾಪ್ಸೂಲನ್ನು ನಾವು ಅದುವರೆಗೆ ಕಂಡವರಲ್ಲ.

ಅಜ್ಜ ಅದನ್ನು ಬೆರಳಲ್ಲಿ ಒತ್ತಿ ನೋಡಿದರು. ನೂಲಿನ ಬಲೆ ಬಿಟ್ಟು ಭಟ್ಕಳದಿಂದ ನೈಲಾನ್ ಬಲೆ ತಂದು ಹೆಚ್ಚು ದಿನವಾಗಿರಲಿಲ್ಲ.

“ಇದು ಪ್ಲಾಸ್ಟಿಕ್ ಮಾರಾಯ್ತಿ. ನೈಲಾನ್ ಬಲೆ ಉಪ್ಪುನೀರಲ್ಲೇ ಬಿದ್ಕಂಡಿದ್ರೂ ಕೊಳೆಯೂದಿಲ್ಲ. ಇದು ನನ್ನ ಹೊಟ್ಟೇಲಿ ಕರಗ್ತದಾ?”

“ಡಾಕ್ಟ್ರ ಹತ್ರ ಒಂದ್ ಮಾತು ಕೇಳ್ಬೌದಿತ್ತು.”

“ಎಂತ ಕೇಳೂದು? ಶೇಂಗಾ ಸಿಪ್ಪೆ ಸುಲಿದು ತಿನ್ನೂಕೆ ಯಾರಾರೂ ಹೇಳ್ಕೊಡಬೇಕಾ?”

ಹೀಗೆ ದಿನವೂ ಚಿಪ್ಪು ಬಿಡಿಸಿ ಎಸೆದು, ಕೆಂಪು ಪುಡಿಯನ್ನು ಗಂಜಿಯಲ್ಲಿ ಕಲಸಿ ಉಂಡರು. ಕಹಿಯೆಂದು ಎಷ್ಟೋ ದಿನ ಅರ್ಧ ಬಿಟ್ಟೇಳುತ್ತಿದ್ದರು. ಬಟ್ಟಲು ತೊಳೆದರೆ ನೀರು ಕೆಂಪಾಗುತ್ತಿತ್ತು. ಔಷಧ ತೆಂಗಿನ ಬುಡಕ್ಕೆ ಹೋಗುತ್ತಿದೆ ಎಂದು ನನಗೆ ಅನ್ನಿಸುತ್ತಿತ್ತು. ಕುಮಟೆಗೆ ಹೋದಾಗ ಡಾಕ್ಟರು ನನ್ನನ್ನೇ ಕೇಳಿದರು: “ಸರಿಯಾಗಿ ತಗೊಳ್ತಾರಾ?” ಸೆರಗಿನ ತುದಿ ಹಿಡಿದುಕೊಂಡು ಹೂಂ ಎಂದು ತಲೆಯಾಡಿಸಿದೆ.

ತಿಂಗಳುಗಳು ಕಳೆದರೂ ಕೆಮ್ಮು ಹೋಗಲಿಲ್ಲ. ಎಕ್ಸ್‌ರೇ ಮೊದಲಿಗಿಂತ ಕೆಟ್ಟಿತ್ತು. ಹೇಗೆ ತೆಗೆದುಕೊಳ್ಳುತ್ತೀರಿ ಎಂದು ಡಾಕ್ಟರು ಕೇಳಿದಾಗ ಅಜ್ಜ ಹೆಮ್ಮೆಯಿಂದಲೇ ಹೇಳಿದರು. ಡಾಕ್ಟರು ಒಂದು ಲೋಟ ಬಿಸಿನೀರಿಗೆ ಕ್ಯಾಪ್ಸೂಲು ಹಾಕಿ ಮುಂದಿಟ್ಟರು. ನಾವು ನೋಡುತ್ತಿದ್ದಂತೆಯೇ ಚಿಪ್ಪು ಮೆತ್ತಗಾಗಿ, ಬಾಯಿಬಿಟ್ಟು, ಕರಗಿತು.

“ಇದನ್ನ ಮೊದ್ಲೇ ಹೇಳೂದಲ್ವಾ!” ಎಂದು ಅಜ್ಜ ರೇಗಿದರು.

“ನೀವು ಮೊದಲೇ ಕೇಳೋದಲ್ವಾ!” ಎಂದು ಡಾಕ್ಟರೂ ರೇಗಿದರು.

ನಾನು ನೆಲ ನೋಡುತ್ತಾ ಕೂತಿದ್ದೆ.

ಮತ್ತೆ ಮೊದಲಿನಿಂದ ಔಷಧ ಶುರುವಾಯಿತು. ಈ ಸಲ ದಿನಕ್ಕೊಂದು ಇಂಜೆಕ್ಷನ್ ಕೂಡ. ಎದೆ ಗುಣವಾಯಿತು, ಆದರೆ ಇಂಜೆಕ್ಷನ್ ಕಿವಿಯ ಒಳಭಾಗವನ್ನು ಕೆಡಿಸಿತು. ಕೇಳುವುದು ಕಡಿಮೆಯಾಯಿತು, ಮೈಯ ಸಮತೋಲ ತಪ್ಪತೊಡಗಿತು. ಮತ್ತೆ ಮೊದಲ ಸಲ ದೋಣಿ ಹತ್ತಿದ ದಿನವೇ ಬಲೆ ಸಮೇತ ಒಳಗೆ ಉರುಳಿದರು. “ಬೆಳಿಗ್ಗೇನೇ ಶೆರೆ ಹಾಕ್ಕಂಡ್ ಬಂದ್ಯನಾ?” ಎಂದು ಜೊತೆಯವರು ನಕ್ಕರಂತೆ. ಆಮೇಲೆ ಅಜ್ಜ ದೋಣಿ ಹತ್ತಲಿಲ್ಲ. ದಂಡೆಯ ಮೇಲೆ ಕೂತು ಬೇರೆಯವರ ಬಲೆ ಹೆಣೆದುಕೊಟ್ಟರು.

ಎದೆಗೆಂದು ಕೊಟ್ಟ ಔಷಧ ಕಿವಿಗೆ ಯಾಕೆ ಹೋಗಬೇಕಿತ್ತು? ಇಷ್ಟು ವರ್ಷವಾದರೂ ನನ್ನ ಸಿಟ್ಟು ಇಳಿದಿಲ್ಲ. ಔಷಧದ ಮೇಲೆ, ಡಾಕ್ಟರ ಮೇಲೆ, ಎಲ್ಲಕ್ಕಿಂತ ಹೆಚ್ಚು ನನ್ನ ಮೇಲೆ. ಡಾಕ್ಟರು ಕೇಳಿದ ದಿನ ನಾಲ್ಕು ಮಾತಾಡಿದ್ದರೆ ಆ ಇಂಜೆಕ್ಷನ್ನೇ ಬೇಡವಾಗುತ್ತಿತ್ತೇನೋ. ಔಷಧ ಪೋಲಾಗುತ್ತಿರುವ ಅನುಮಾನ ನನಗೆ ಮೊದಲೇ ಬಂದಿತ್ತೆಂದು ಅಜ್ಜನಿಗೆ ಕೊನೆಯವರೆಗೂ ಹೇಳಲಿಲ್ಲ. ಈಗ ನಿಮಗೆ ಹೇಳಿದ್ದೇನೆ. ಇನ್ನೊಮ್ಮೆ ಹೇಳುವ ಧೈರ್ಯ ನನಗಿಲ್ಲ, ಈ ಹಾಳೆಗಳನ್ನು ಕಳೆಯಬೇಡಿ.