ಡೋಲಕ್ ಪಂಡಿತ ಕುಬೇರ

ಮ್ಹಾಪಸಾ ಪೇಟೆಯ ವಾದ್ಯದಂಗಡಿಯಲ್ಲಿ ಸಂಬಳಕ್ಕಿರುವ ಕುಬೇರನಿಗೆ ಒಂದು ಪೆಟ್ಟೂ ಸರಿಯಾಗಿ ಬಾರಿಸಲು ಬರುವುದಿಲ್ಲ. ಉಪದೇಶಕ್ಕೆ ಮಾತ್ರ ಬರವಿಲ್ಲ. ಡೋಲಕ್ಕಿನ ಕಟ್ಟಿಗೆಯನ್ನು ಬೆರಳಲ್ಲಿ ತಟ್ಟಿ, ಡಾಕ್ಟರಂತೆ ಕಿವಿಗೊಟ್ಟು ಬಿರುಕು ಹುಡುಕುತ್ತಾನೆ. “ಮಳಿಗಾಲದಾಗ ಹಗ್ಗ ಸಡಿಲ ಮಾಡ್ರಿ, ತಂಪು ನೆಲದ ಮ್ಯಾಲೆ ಇಡಬ್ಯಾಡ್ರಿ, ಕೂಸಿನಂಗ ನೋಡ್ಕೋರಿ.” ಡೋಲಕ್ ಕೊಳ್ಳಲು ಬಂದ ರಷ್ಯದ ಪ್ರವಾಸಿ ಹೆಂಗಸಿಗೂ ಕೈಸನ್ನೆಯಲ್ಲಿ ಇದೇ ಉಪದೇಶ. ಎಲ್ಲಿ ಕಲಿತಿರಿ ಎಂದರೆ, “ಕೋರ್ಸ್ ಮಾಡೇನ್ರಿ” ಎಂದು ಎದೆಯುಬ್ಬಿಸುತ್ತಾನೆ. ಮೊನ್ನೆ ಅವನ ಅಪ್ಪ ಖೇಮಪ್ಪ, ಮಂಗೋರ್ ಹಿಲ್ ಕೇರಿಯ ಸಾವಿನ ಮನೆಗಳಲ್ಲಿ ಹಲಗೆ ಬಾರಿಸುವವನು, ಮಗನಿಗೆ ಬುತ್ತಿ ತಂದ. ಇವನ್ಯಾರೆಂದು ಅಂಗಡಿ ಮಾಲೀಕ ಕೇಳಿದ. “ಗಿರಾಕಿ ಅದಾನ್ರಿ” ಎಂದ ಕುಬೇರ, ಗಾಬರಿಯಲ್ಲಿ ಅಪ್ಪನಿಗೂ ಉಪದೇಶ ಶುರುಮಾಡಿದ. ಖೇಮಪ್ಪ ಬುತ್ತಿಯನ್ನು ಕಂಕುಳಲ್ಲಿ ಮರೆಮಾಡಿ, ಮಗನಿಗೆ ತಾನೇ ಕಲಿಸಿದ್ದ ಪಾಠವನ್ನು ಕೊನೆಯವರೆಗೂ ಕೇಳಿ, “ಹಂಗ ಮಾಡ್ತೀನ್ರಿ, ಸಾಹೇಬ್ರ” ಎಂದು ಮೆಟ್ಟಿಲಿಳಿದ.