ಗೂಬೆ ತುಂಡಿನ ಕತ್ತರಿ

ಫ್ರಾನ್ಸಿನ ಬರ್ಗಂಡಿಯ ಆ ಊರಲ್ಲಿ ಚಳಿಗಾಲದ ಚಾಟನಿ, ಅಂದರೆ ದ್ರಾಕ್ಷಿ ಬಳ್ಳಿ ಸವರುವ ಕೆಲಸ, ಬಂತೆಂದರೆ ಗಂಡಸು ಬಳ್ಳಿ ಕತ್ತರಿಸಬೇಕು, ಹೆಂಡತಿ ಹಿಂದಿನಿಂದ ಕಡ್ಡಿ ಎಳೆದು ಸುಡಬೇಕು. ಯಾವ ಪುಣ್ಯಾತ್ಮ ಮಾಡಿಟ್ಟ ಕಟ್ಟಳೆಯೋ, ಯಾರೂ ಕೇಳಿದವರಿಲ್ಲ. ಬಾಸಿಲ್ ಮತ್ತು ಮಾರ್ಸೆಲಿನ್ ಮದುವೆಯಾದಾಗಿನಿಂದ ವಾಲ್ಮೋರ್ ಯಜಮಾನರ ದ್ರಾಕ್ಷಿತೋಟದಲ್ಲಿ ಗೂಬೆ ತುಂಡು ಎಂದು ಕರೆಯುವ ಜಾಗವನ್ನು ಹೀಗೇ ನೋಡಿಕೊಂಡಿದ್ದರು. ಆ ಇಳಿಜಾರಿನ ಮುದಿ ಬಳ್ಳಿಗಳ ಬಿಳಿ ವೈನಿನಿಂದಲೇ ಎಸ್ಟೇಟಿಗೆ ಹೆಸರು.

ಬಾಸಿಲನ ಕೈ ನಡುಗತೊಡಗಿದಾಗ ಮಾರ್ಸೆಲಿನ್ ಸದ್ದಿಲ್ಲದೆ ಕತ್ತರಿ ತೆಗೆದುಕೊಂಡಳು. ಅವನು ಬೆಂಕಿಯ ಪಕ್ಕ ಕೂತು ಕಡ್ಡಿ ಸುಟ್ಟ. ದಾರಿಯಲ್ಲಿ ಯಾರಾದರೂ ಸುಳಿದರೆ ಕತ್ತರಿ ತಟಕ್ಕನೆ ಅವನ ಕೈಗೆ ದಾಟುತ್ತಿತ್ತು. ಗಂಡನ ಮರ್ಯಾದೆ ಕಾಯಲು ಅವಳು ಪಟ್ಟ ಪಾಡು ಅಷ್ಟಿಷ್ಟಲ್ಲ. ಮೂರು ಚಳಿಗಾಲ ಹೀಗೆ ಕಳೆಯಿತು. ಈ ಸಲ ಕೊಯ್ಲು ಮುಗಿಯುತ್ತಿದ್ದಂತೆ ಬಾಸಿಲ್ ತೀರಿಕೊಂಡ.

ಜನವರಿಯಲ್ಲಿ ಬಳ್ಳಿ ಕಾಯುವ ಸಂತ ವಿನ್ಸೆಂಟನ ಹಬ್ಬದೂಟ. ಯಜಮಾನರು ಗೂಬೆ ತುಂಡಿನ ಹಿಂದಿನ ವರ್ಷದ ವೈನು ತೆರೆಸಿ ಎದ್ದು ನಿಂತರು.

"ಇದು ನಮ್ಮ ಬಾಸಿಲನ ಕೈಗುಣ. ಅವನ ಹೆಸರಲ್ಲಿ ಕುಡೀರಿ. ಈ ವರ್ಷದಿಂದ ಆ ತುಂಡನ್ನ ಆಕ್ಟಾವ್ ನೋಡ್ಕೋತಾನೆ. ಮಾರ್ಸೆಲಿನ್, ನಿನಗೆ ಒಳಗಡೆ ಬಾಟಲಿಗೆ ಚೀಟಿ ಅಂಟಿಸೋ ಕೆಲಸ ಇದೆ, ಚಿಂತೆ ಬೇಡ."

ಮಾರ್ಸೆಲಿನ್ ಲೋಟ ಕೆಳಗಿಟ್ಟಳು. ಮಾತಾಡಿದರೆ ಸತ್ತವನ ಹೆಸರು ಹೋಗುತ್ತದೆ, ಸುಮ್ಮನಿದ್ದರೆ ಬಳ್ಳಿ ಹೋಗುತ್ತದೆ. ಅವಳಿಗೆ ಎರಡೂ ಬೇಕಾಗಿದ್ದವು.

"ಯಜಮಾನ್ರೆ, ಆ ಬಳ್ಳಿ ಕತ್ತರಿಸಿದ್ದು ನಾನು," ಎಂದಳು ತಲೆ ಎತ್ತದೆ. "ಅವರ ಕೈಲಿ ಆಗ್ತಿರಲಿಲ್ಲ."

ಪಕ್ಕದ ತುಂಡಿನ ಆಕ್ಟಾವ್ ಅವಳ ಕಡೆ ತಿರುಗಿದ.

"ಗೊತ್ತು ಕಣಕ್ಕ. ನಮಗೆಲ್ಲ ಗೊತ್ತು."

"ಯಾರು ಹೇಳಿದ್ದು?"

"ಇನ್ಯಾರು, ಅವನೇ. ಕುಡಿದಾಗೆಲ್ಲ ಅದೇ ಮಾತು. ನನ್ನ ಹೆಂಡ್ತಿ ನನಗಿಂತ ಚೆನ್ನಾಗಿ ಕತ್ತರಿಸ್ತಾಳೆ ಕಣ್ರೋ, ಆದ್ರೆ ಗೊತ್ತಿಲ್ಲದವರ ಹಾಗೆ ಇರಿ, ಮುಚ್ಚಿಡೋಕೆ ಪಾಪ ಅಷ್ಟು ಕಷ್ಟಪಡ್ತಾಳೆ ಅಂತಿದ್ದ. ಯಜಮಾನ್ರೆ, ಆ ತುಂಡು ನನಗೆ ಬೇಡ. ಅದು ಈಯಮ್ಮಂದು."

ಯಜಮಾನರು ಬಾಟಲಿಯನ್ನು ಅವಳ ಮುಂದಕ್ಕೆ ಸರಿಸಿ, "ನಾಳೆಯಿಂದ ಶುರುಮಾಡು," ಎಂದರು.

ಮರುದಿನ ಮಾರ್ಸೆಲಿನ್ ಒಬ್ಬಳೇ ಬೆಂಕಿ ಹೊತ್ತಿಸಿ ಕೆಲಸಕ್ಕೆ ಬಗ್ಗಿದಳು. ದಾರಿಯಲ್ಲಿ ಯಾರೋ ಬರುವ ಸದ್ದಾಯಿತು. ಕತ್ತರಿ ಹಿಡಿದ ಕೈ ತಾನಾಗಿಯೇ ಬೆಂಕಿಯ ಕಡೆ ಚಾಚಿತು. ತೆಗೆದುಕೊಳ್ಳಲು ಅಲ್ಲಿ ಯಾರೂ ಇರಲಿಲ್ಲ.